ಜಿಮ್ಮಿಗೆ ಬಿಟ್ಟ ದಾರಿಯನ್ನು ಅಜ್ಜಿಗೂ ಬಿಟ್ಟ ಮನೆ: ಒಂದು ಪ್ರಕರಣ

ಕಣ್ಣು ಕಡಿಮೆಯಾದವರಿಗೆ ಅವರ ಮನೆಯಲ್ಲೇ ಓಡಾಟ ಕಲಿಸುವುದು ನನ್ನ ಕೆಲಸ. ಇಲ್ಲಿ ಬರೆದಿರುವುದು ಶಿವಮೊಗ್ಗ ಜಿಲ್ಲೆಯ ಒಂದು ಅಡಿಕೆ ಬೆಳೆಗಾರರ ಮನೆಯ ವಿಷಯ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ, ನಾಯಿಯ ಹೆಸರನ್ನೂ ಸೇರಿಸಿ.

ಈ ಮನೆಯಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇಬ್ಬರ ಕಣ್ಣು ಹೋಗುತ್ತಾ ಬಂತು. ಒಂದು ಮನೆಯ ನಾಯಿ, ಇನ್ನೊಬ್ಬರು ಮನೆಯ ಅಜ್ಜಿ. ನಾಯಿಯ ವಿಷಯದಲ್ಲಿ ಮನೆಯವರು ಬೇಗ ಸರಿದಾರಿಗೆ ಬಂದರು. ಅಜ್ಜಿಯ ವಿಷಯದಲ್ಲಿ ಅದೇ ದಾರಿಗೆ ಬರಲು ತಿಂಗಳುಗಳು ಹಿಡಿದವು. ಯಾಕೆ ಹೀಗಾಯಿತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು.

ಹಿನ್ನೆಲೆ

ಹಳೇ ಹೆಂಚಿನ ಮನೆ. ಮುಂದೆ ಜಗುಲಿ, ಅದರ ಕೆಳಗೆ ನಾಲ್ಕು ಮೆಟ್ಟಿಲು, ಆಮೇಲೆ ಅಂಗಳ. ಒಳಗೆ ನಡುಮನೆ, ಅಡುಗೆಮನೆ. ಹಿಂಬಾಗಿಲು ದಾಟಿ ಸ್ವಲ್ಪ ನಡೆದರೆ ಬಚ್ಚಲುಮನೆ. ನೆಲ ಕೆಂಪು ಗಾರೆಯದ್ದು. ಮಗ, ಸೊಸೆ, ಇಬ್ಬರು ಮಕ್ಕಳು, ಅಜ್ಜಿ ಇರುತ್ತಾರೆ. ಅಜ್ಜಿಗೆ ಎಪ್ಪತ್ತು ದಾಟಿದೆ. ಅಡುಗೆ, ಹಿತ್ತಲು, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು ಎಲ್ಲಕ್ಕೂ ಅವರೇ ಮುಂದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಅವರ ಕೈಗೆ ಸಾಟಿ ಇಲ್ಲ ಎಂದು ಸುತ್ತಮುತ್ತಲಿನವರೂ ಹೇಳುತ್ತಾರೆ.

ಜಿಮ್ಮಿ ಲ್ಯಾಬ್ರಡಾರ್ ಮಿಶ್ರಣದ ಕಪ್ಪು ನಾಯಿ. ಆಗ ಅದಕ್ಕೆ ಏಳು ವರ್ಷದ ಆಸುಪಾಸು. ದಿನಾ ಸಂಜೆ ಮಗನ ಜೊತೆ ತೋಟಕ್ಕೆ ಹೋಗಿ ಬರುವುದು ಅದರ ಅಭ್ಯಾಸ.

ಸಮಸ್ಯೆ ಶುರುವಾದದ್ದು

ಮೊದಲು ಗೊತ್ತಾದದ್ದು ನಾಯಿಯದ್ದು. ಸಂಜೆ ತೋಟಕ್ಕೆ ಕರೆದರೆ ಜಿಮ್ಮಿ ಅಂಗಳದ ತುದಿಯಲ್ಲೇ ನಿಂತುಬಿಡುತ್ತಿತ್ತು. ರಾತ್ರಿ ಮೆಟ್ಟಿಲು ಇಳಿಯಲು ಒಪ್ಪುತ್ತಿರಲಿಲ್ಲ. ಹಗಲಲ್ಲಿ ಮಾತ್ರ ಮೊದಲಿನ ಹಾಗೇ ಓಡಾಟ, ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವುದು. ಹಾಗಾಗಿ ಮನೆಯವರಿಗೆ ಅನ್ನಿಸಿದ್ದು ಒಂದೇ, ಇದು ಸೋಮಾರಿತನ. ಎಳೆದುಕೊಂಡು ಹೋದರು, ಗದರಿದರು. ಒಂದೆರಡು ಪೆಟ್ಟೂ ಬಿತ್ತು.

ಅದೇ ಹೊತ್ತಿಗೆ ಅಜ್ಜಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಕಾಲ ಬಳಿ ಇಟ್ಟ ಚೊಂಬು ಎಡವುತ್ತಿದ್ದರು. ಪಕ್ಕದಲ್ಲಿ ನಿಂತವರು ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ಸರಿಯಾಗಿ ಓದಿ ಹೇಳುತ್ತಿದ್ದರು. ಮಗ ರೇಗಿ ಹೋದರು. "ಅಷ್ಟು ಸಣ್ಣ ಅಕ್ಷರ ಕಾಣತ್ತೆ, ಇಷ್ಟು ದೊಡ್ಡ ಬಾಗಿಲು ಕಾಣಲ್ವಾ ಅಮ್ಮ?" ಗಮನ ಎಲ್ಲೋ ಇಟ್ಟುಕೊಂಡು ಓಡಾಡುತ್ತಾರೆ ಎಂದು ಎಲ್ಲರೂ ತೀರ್ಮಾನ ಮಾಡಿದರು.

ಎರಡೂ ಕಡೆ ಆದ ತಪ್ಪು ಒಂದೇ. ಕಣ್ಣು ಅಂದರೆ ಒಂದೋ ಕಾಣುತ್ತದೆ, ಇಲ್ಲ ಕಾಣುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಯಾವ ಕಾಯಿಲೆ ಕಣ್ಣಿನ ಯಾವ ಭಾಗವನ್ನು ಮೊದಲು ತಿನ್ನುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಪಶುವೈದ್ಯರು ಜಿಮ್ಮಿಯನ್ನು ನೋಡಿದ ರೀತಿಯನ್ನು ಸೊಸೆ ನನಗೆ ವಿವರವಾಗಿ ಹೇಳಿದರು. ಅವರು ಹತ್ತಿಯ ಒಂದು ಉಂಡೆ ಮಾಡಿ ಅದರ ಮುಖದ ಮುಂದೆ ಕೆಳಗೆ ಬಿಟ್ಟರು. ಹತ್ತಿ ಬಿದ್ದರೆ ಸದ್ದಾಗುವುದಿಲ್ಲ, ಗಾಳಿ ಅಲ್ಲಾಡುವುದಿಲ್ಲ. ಕಣ್ಣು ಕಂಡರೆ ಮಾತ್ರ ನಾಯಿ ತಲೆ ತಿರುಗಿಸುತ್ತದೆ. ಬೆಳಕಲ್ಲಿ ಜಿಮ್ಮಿ ತಿರುಗಿ ನೋಡಿತು. ಕಿಟಕಿ ಮುಚ್ಚಿ ದೀಪ ಆರಿಸಿ ಮಂದ ಬೆಳಕಲ್ಲಿ ಬಿಟ್ಟಾಗ ನೋಡಲಿಲ್ಲ. ಟಾರ್ಚ್ ಹಿಡಿದರೆ ಪಾಪೆ ಅಗಲವಾಗೇ ಇತ್ತು, ಒಳಗಿನ ಹೊಳಪು ಜಾಸ್ತಿ ಇತ್ತು. ಪ್ರೋಗ್ರೆಸಿವ್ ರೆಟಿನಲ್ ಅಟ್ರೋಫಿ, ಅಂದರೆ ಪಿಆರ್‌ಎ ಇರಬೇಕು ಎಂದರು. ಇದರಲ್ಲಿ ಮಂದ ಬೆಳಕಲ್ಲಿ ನೋಡುವ ಜೀವಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ಮೊದಲು ಇರುಳುಗುರುಡು, ಆಮೇಲೆ ನಿಧಾನವಾಗಿ ಹಗಲೂ ಕಾಣುವುದಿಲ್ಲ. ನೋವಿಲ್ಲ. ಔಷಧಿಯೂ ಇಲ್ಲ.

ವೈದ್ಯರು ಇನ್ನೊಂದು ಮಾತು ಹೇಳಿದ್ದರು. ಇದು ವಂಶದಲ್ಲಿ ಬರುವ ಕಾಯಿಲೆ, ಇದರಿಂದ ಮರಿ ಹಾಕಿಸಬೇಡಿ ಎಂದು. ಸೊಸೆಯ ತಲೆಯಲ್ಲಿ ಆ ಮಾತು ಉಳಿಯಿತು. ಅದರ ಫಲ ಮುಂದೆ ಬರುತ್ತದೆ.

ಅಜ್ಜಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಿದ್ದು ಇದಾದ ಮೇಲೆ. ನಾಯಿಯನ್ನು ತೋರಿಸಿ ಬಂದ ಸೊಸೆಯೇ ಹಟ ಹಿಡಿದು ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಸುತ್ತಲಿನ ದೃಷ್ಟಿ ಹೋಗಿ ನಡುವಿನದ್ದು ಮಾತ್ರ ಉಳಿದಿತ್ತು. ಕ್ಯಾಲೆಂಡರ್ ಓದಲು ನಡುವಿನ ದೃಷ್ಟಿ ಸಾಕು. ಬಾಗಿಲು ದಾಟಲು ಸುತ್ತಲಿನದ್ದು ಬೇಕು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಲು ದಿನಾ ಕಣ್ಣಿಗೆ ಡ್ರಾಪ್ಸ್ ಹಾಕಬೇಕು ಎಂದು ವೈದ್ಯರು ಹೇಳಿದರು.

ಏನೇನು ಮಾಡಿ ನೋಡಿದರು

ನಾಯಿಗೆ ಮೊದಲು ಮಾಡಿದ್ದು ಪ್ರೀತಿಯಿಂದಲೇ. ಮೆಟ್ಟಿಲಲ್ಲಿ ಬೀಳುತ್ತದೆ ಎಂದು ಜಗುಲಿಯ ಕಂಬಕ್ಕೆ ಕಟ್ಟಿದರು. ಊಟದ ತಟ್ಟೆ ಅಲ್ಲಿಗೇ ಬಂತು. ಅಂಗಳಕ್ಕೆ ಹೋಗಬೇಕಾದರೆ ಮಗ ಎತ್ತಿಕೊಂಡು ಇಳಿಸುತ್ತಿದ್ದರು. ಜಿಮ್ಮಿ ಎರಡು ದಿನ ಬೊಗಳಿತು. ಆಮೇಲೆ ಮಲಗಿದಲ್ಲೇ ಮಲಗಿತು. ಊಟ ಕಡಿಮೆ ಮಾಡಿತು. ಒಂದು ದಿನ ಮಲಗಿದ್ದಾಗ ಮಗ ಮೈ ಮುಟ್ಟಿದ ತಕ್ಷಣ ಬೆಚ್ಚಿಬಿದ್ದು ಕೈಗೆ ಬಾಯಿ ಹಾಕಿತು. ಗಾಯ ಆಗಲಿಲ್ಲ. ಆದರೆ ಮನೆಯವರು ಹೆದರಿದರು.

ಮತ್ತೆ ಪಶುವೈದ್ಯರ ಹತ್ತಿರ ಹೋದರು. ಅವರ ಸಲಹೆ ಚಿಕ್ಕದಾಗಿತ್ತು. ಬಿಚ್ಚಿ ಬಿಡಿ. ಎತ್ತಿಕೊಳ್ಳಬೇಡಿ, ಎತ್ತಿ ಇನ್ನೊಂದು ಕಡೆ ಇಳಿಸಿದರೆ ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಾಗಲ್ಲ. ಮನೆಯ ಸಾಮಾನು ಯಾವುದನ್ನೂ ಜಾಗ ಬದಲಾಯಿಸಬೇಡಿ. ಮುಟ್ಟುವ ಮೊದಲು ಹೆಸರು ಕರೆಯಿರಿ. ಮೆಟ್ಟಿಲ ಮೇಲೆ, ಕೆಳಗೆ ಕಾಲಿಗೆ ಬೇರೆ ಥರ ತಾಗುವಂಥದ್ದು ಏನಾದರೂ ಹಾಸಿ.

ಸೊಸೆ ಮೆಟ್ಟಿಲ ಎರಡೂ ತುದಿಗೆ ಗೋಣಿಚೀಲ ಹಾಸಿದರು. ನೀರಿನ ಬಟ್ಟಲು, ತಟ್ಟೆ, ಮಲಗುವ ಚಾಪೆ ಎಲ್ಲಕ್ಕೂ ಒಂದೊಂದು ಜಾಗ ಗಟ್ಟಿಯಾಯಿತು. ಮಕ್ಕಳು ಕುರ್ಚಿ ಎಳೆದು ನಡುವೆ ಬಿಟ್ಟರೆ ಬೈಗುಳ. ಕುತ್ತಿಗೆಗೆ ಗಂಟೆ ಕಟ್ಟಿ ನೋಡಿದರು, ಅದು ಪ್ರಯೋಜನವಾಗಲಿಲ್ಲ. ಆ ಸದ್ದಿನಲ್ಲಿ ಅದಕ್ಕೆ ಬೇರೆ ಸದ್ದು ಕೇಳದೆ ಗಲಿಬಿಲಿಯಾಗುತ್ತಿತ್ತು. ತೆಗೆದು ಬೆಕ್ಕಿಗೆ ಕಟ್ಟಿದರು.

ಮೊದಲ ವಾರ ಜಿಮ್ಮಿ ಕಂಡಕಂಡಲ್ಲಿ ಡಿಕ್ಕಿ ಹೊಡೆಯಿತು. ಡಿಕ್ಕಿ ಹೊಡೆದಾಗ ಏನು ಮಾಡುತ್ತಿತ್ತು ಅನ್ನುವುದನ್ನು ಸೊಸೆ ಚೆನ್ನಾಗಿ ಗಮನಿಸಿದ್ದರು. ನಿಲ್ಲುತ್ತಿತ್ತು. ಮೈ ಒಂದು ಸಲ ಕೊಡವುತ್ತಿತ್ತು. ಆ ವಸ್ತುವನ್ನು ಮೂಸಿ, ಪಕ್ಕಕ್ಕೆ ತಿರುಗಿ ಮುಂದೆ ಹೋಗುತ್ತಿತ್ತು. ಮಾರನೇ ದಿನ ಅದೇ ಜಾಗ ಬಂದಾಗ ನಿಧಾನ ಮಾಡುತ್ತಿತ್ತು. ಆಮೇಲಾಮೇಲೆ ಭುಜವನ್ನು ಗೋಡೆಗೆ ಸವರಿಕೊಂಡೇ ನಡುಮನೆ ದಾಟುವುದನ್ನು ಕಲಿಯಿತು. ಹೊಸ್ತಿಲು ಹತ್ತಿರ ಬಂದರೆ ಮುಂಗಾಲು ಬೇಕಾದ್ದಕ್ಕಿಂತ ಜಾಸ್ತಿ ಎತ್ತಿ ಇಡುತ್ತಿತ್ತು. ಗೋಣಿಚೀಲ ಕಾಲಿಗೆ ಸಿಕ್ಕ ತಕ್ಷಣ ನಿಂತು, ಮೂಗು ಕೆಳಗೆ ಮಾಡಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಹಗಲ ಬೆಳಕು ಪೂರ್ತಿ ಹೋಗುವ ಹೊತ್ತಿಗೆ ಮನೆಯ ನಕ್ಷೆ ಅದರ ಮೈಗೆ ಬಂದಿತ್ತು.

ಇನ್ನು ಅಜ್ಜಿಗೆ ಏನು ಮಾಡಿದರು? ನಾಯಿಗೆ ಮೊದಲು ಏನು ಮಾಡಿದ್ದರೋ ಅದನ್ನೇ. ಒಲೆ ಹತ್ತಿರ ಹೋಗಬೇಡಿ ಎಂದರು. ಹಿತ್ತಲಿಗೆ ಬೇಡ, ಬಾವಿಕಟ್ಟೆಗೆ ಬೇಡವೇ ಬೇಡ. ಕಾಫಿ, ತಿಂಡಿ, ಊಟ ಕೂತಲ್ಲಿಗೇ. ಬಚ್ಚಲುಮನೆಗೆ ಯಾರಾದರೂ ರಟ್ಟೆ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿ ಎದ್ದರೆ ಸಾಕು, ಮೂರು ಕಡೆಯಿಂದ "ಅಯ್ಯೋ ಬೇಡ, ಕೂತ್ಕೊಳ್ಳಿ". ಕಡಿಮೆ ಪ್ರೀತಿಯ ಮನೆಯಲ್ಲ ಇದು. ಪ್ರೀತಿ ಜಾಸ್ತಿ ಇದ್ದದ್ದರಿಂದಲೇ ಹೀಗಾಯಿತು.

ನಾನು ಮೊದಲ ಸಲ ಹೋದಾಗ ಅಜ್ಜಿ ಜಗುಲಿಯಲ್ಲಿ ಕೂತಿದ್ದರು. ಕಾಲಿನ ಶಕ್ತಿ ಕುಂದಿತ್ತು. ನೆಲದಿಂದ ಏಳಲು ಕಂಬ ಹಿಡಿಯಬೇಕಿತ್ತು. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ತಾವಾಗಿ ಏನನ್ನೂ ಕೇಳುತ್ತಿರಲಿಲ್ಲ. ಇದೆಲ್ಲ ಕಣ್ಣಿನ ಕಾಯಿಲೆಯಿಂದ ಬಂದದ್ದಲ್ಲ, ಕೂರಿಸಿದ್ದರಿಂದ ಬಂದದ್ದು. ಈ ವ್ಯತ್ಯಾಸ ಬಹಳ ಮನೆಗಳಲ್ಲಿ ಯಾರಿಗೂ ಕಾಣುವುದಿಲ್ಲ. ಕಣ್ಣಿನ ಜೊತೆ ಜೀವವೇ ಇಳಿದುಹೋಯಿತು ಎಂದುಕೊಳ್ಳುತ್ತಾರೆ.

ತಿರುವು

ಕೂತಲ್ಲೇ ಕೂತಿದ್ದ ಅಜ್ಜಿಗೆ ದಿನಪೂರ್ತಿ ಒಂದು ಸದ್ದು ಕೇಳುತ್ತಿತ್ತು. ಗಾರೆ ನೆಲದ ಮೇಲೆ ಜಿಮ್ಮಿಯ ಉಗುರಿನ ಟಕಟಕ. ಅದು ಎಲ್ಲಿ ನಿಧಾನವಾಯಿತು, ಎಲ್ಲಿ ನಿಂತಿತು, ಯಾವಾಗ ಮೆಟ್ಟಿಲು ಇಳಿಯಿತು, ಎಲ್ಲಾ ಅವರಿಗೆ ಲೆಕ್ಕ. ನಾಯಿ ಹೇಗೆ ದಾರಿ ಕಲಿತಿತು ಅನ್ನುವುದನ್ನು ಮನೆಯಲ್ಲಿ ಅವರಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ.

ಒಂದು ದಿನ ಸೊಸೆ ಊಟದ ತಟ್ಟೆ ತಂದಿಟ್ಟಾಗ ಅಜ್ಜಿ ಕೇಳಿದರಂತೆ. "ಜಿಮ್ಮೀನ ಬಿಚ್ಚಿ ಬಿಟ್ರಲ್ಲ, ಈಗ ಚೆನ್ನಾಗಿ ಓಡಾಡ್ಕೊಂಡಿದೆ. ನನ್ನ ಯಾವಾಗ ಬಿಚ್ಚಿ ಬಿಡ್ತೀರಿ?"

ಸೊಸೆ ಅಳುತ್ತಾ ಒಳಗೆ ಹೋದರು. ರಾತ್ರಿ ಗಂಡನ ಹತ್ತಿರ ಮಾತಾಡಿದರು. ನನ್ನನ್ನು ಕರೆಸಿದ್ದು ಆ ವಾರವೇ. ಈ ಪ್ರಕರಣದಲ್ಲಿ ನಿಜವಾದ ತೀರ್ಮಾನ ಆದದ್ದು ಆ ರಾತ್ರಿ. ನಾನು ಹೋಗಿ ಹೇಳಿದ್ದೆಲ್ಲ ಅದರ ಮೇಲೆ ಕಟ್ಟಿದ್ದು.

ಓಡಾಟದ ತರಬೇತಿಯಲ್ಲಿ ನಾವು ಹೇಳಿಕೊಡುವ ಮೊದಲ ಪಾಠವೇ ಗೋಡೆ ಹಿಡಿದು ನಡೆಯುವುದು. ಕೈಯನ್ನು ಸೊಂಟದ ಎತ್ತರಕ್ಕೆ ಮುಂದೆ ಚಾಚಿ, ಬೆರಳು ಸ್ವಲ್ಪ ಮಡಚಿ, ಬೆರಳಿನ ಹಿಂಭಾಗ ಗೋಡೆಗೆ ತಾಗುವ ಹಾಗೆ ಸವರುತ್ತಾ ಹೋಗಬೇಕು. ಬೆರಳ ತುದಿ ಚಾಚಿದರೆ ಏನಾದರೂ ಸಿಕ್ಕಿ ನೋವಾಗುತ್ತದೆ. ಇನ್ನೊಂದು ಕೈ ಮುಖದ ಮುಂದೆ ಅಡ್ಡ. ಇದನ್ನು ತೋರಿಸಲು ಶುರು ಮಾಡಿದಾಗ ಅಜ್ಜಿ, "ಹಾಂ, ಜಿಮ್ಮಿ ಹೋಗೋ ಹಾಗೆ" ಎಂದರು. ಬೇರೆ ಕಡೆ ಹಲವು ದಿನ ಹಿಡಿಯುವ ಪಾಠ ಇಲ್ಲಿ ಬಹಳ ಬೇಗ ಮುಗಿಯಿತು.

ಕರೆದುಕೊಂಡು ಹೋಗುವ ರೀತಿಯನ್ನು ಬದಲಾಯಿಸಿದೆವು. ರಟ್ಟೆ ಹಿಡಿದು ಮುಂದೆ ತಳ್ಳಿದರೆ ಯಾರಿಗೇ ಆದರೂ ಹೆದರಿಕೆ ಆಗುತ್ತದೆ. ಅಜ್ಜಿಯೇ ಸೊಸೆಯ ಮೊಣಕೈ ಮೇಲೆ ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಮುಂದಿನವರ ಮೈ ಇಳಿದರೆ ಮೆಟ್ಟಿಲು ಬಂತು ಎಂದು ಹಿಂದಿನವರ ಕೈಗೇ ಗೊತ್ತಾಗುತ್ತದೆ. ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿದೆವು, ಉಳಿದ ದೃಷ್ಟಿಗೆ ಅದು ಚೆನ್ನಾಗಿ ಸಿಗುತ್ತದೆ. ಹಿಂಬಾಗಿಲಿನಿಂದ ಬಚ್ಚಲುಮನೆಗೆ ತೆಂಗಿನ ನಾರಿನ ಹಗ್ಗ ಕಟ್ಟಿದೆವು. ಗೋಣಿಚೀಲ ಮೊದಲೇ ಇತ್ತು. ಆದರೆ ಮನುಷ್ಯರ ಕಾಲು ಅದಕ್ಕೆ ಸಿಕ್ಕಿ ಜಾರಬಾರದಲ್ಲ, ಅದಕ್ಕೆ ನಾಲ್ಕೂ ಕಡೆ ಗಟ್ಟಿಯಾಗಿ ಕೂರಿಸಿದೆವು.

ಮುಟ್ಟುವ ಮೊದಲು ಹೆಸರು ಕರೆಯುವ ಅಭ್ಯಾಸ ನಾಯಿಯಿಂದಾಗಿ ಮನೆಯಲ್ಲಿ ಆಗಲೇ ಬಂದಿತ್ತು. ಅದನ್ನು ಅಜ್ಜಿಗೂ ಪಾಲಿಸಿ ಎಂದಾಗ ಯಾರೂ ಪ್ರಶ್ನೆ ಕೇಳಲಿಲ್ಲ. ಅಜ್ಜಿ ಅದಕ್ಕೆ ಇನ್ನೊಂದು ಸೇರಿಸಿದರು. ಬಂದಾಗ ಹೇಳಿದ ಹಾಗೆ ಎದ್ದು ಹೋಗುವಾಗಲೂ ಹೇಳಿ ಹೋಗಿ, ಖಾಲಿ ಕುರ್ಚಿ ಜೊತೆ ಮಾತಾಡೋ ಹಾಗೆ ಮಾಡಬೇಡಿ ಎಂದು.

ಊಟದ ವಿಷಯದಲ್ಲಿ ನನಗೇ ಪಾಠವಾಯಿತು. ಗಡಿಯಾರದ ಮುಖ ಇದ್ದ ಹಾಗೆ ತಟ್ಟೆಯನ್ನು ಭಾಗ ಮಾಡಿ, ಆರರ ಹತ್ತಿರ ಅನ್ನ, ಹನ್ನೆರಡರ ಹತ್ತಿರ ಪಲ್ಯ ಎಂದು ಹೇಳಿಕೊಡುವುದು ನಮ್ಮ ಕ್ರಮ. ಅಜ್ಜಿ ಕೇಳಿಸಿಕೊಂಡು, ಬಾಳೆ ಎಲೆ ಹಾಕಿ ಎಂದರು. ಎಲೆಯ ಎಡತುದಿಗೆ ಉಪ್ಪು, ಉಪ್ಪಿನಕಾಯಿ. ಯಾವುದು ಎಲ್ಲಿ ಬೀಳುತ್ತದೆ ಅನ್ನುವುದು ಚಿಕ್ಕಂದಿನಿಂದ ಕೈಗೆ ಗೊತ್ತು. ಅದಕ್ಕೆ ಹೊಸ ನಕ್ಷೆ ಯಾಕೆ? ಈಗ ಬೇರೆ ಮನೆಗಳಲ್ಲೂ ನಾನು ಗಡಿಯಾರ ಬಿಟ್ಟು ಎಲೆಯಿಂದಲೇ ಶುರು ಮಾಡುತ್ತೇನೆ.

ಕೊಯ್ಲಿನ ಕಾಲದ ಪೆಟ್ಟು

ಎಲ್ಲಾ ಒಂದು ಹದಕ್ಕೆ ಬಂತು ಅನ್ನುವಾಗ ಅಡಿಕೆ ಕೊಯ್ಲು ಶುರುವಾಯಿತು. ಮಲೆನಾಡಿನ ಮನೆ ಗೊತ್ತಿದ್ದವರಿಗೆ ಇದರ ಅರ್ಥ ಹೇಳಬೇಕಿಲ್ಲ. ಅಂಗಳದ ರೂಪವೇ ಬದಲಾಗುತ್ತದೆ. ಗೊನೆಗಳ ರಾಶಿ, ಸುಲಿಯುವವರ ಸಾಲು, ಸಿಪ್ಪೆ ಗುಡ್ಡೆ, ಬೇಯಿಸುವ ಹಂಡೆ, ಒಣಗಿಸುವ ಚಪ್ಪರ. ರಾತ್ರಿವರೆಗೂ ಜನ, ಮಾತು. ಜಾಗ ಬದಲಾಯಿಸಬೇಡಿ ಅನ್ನುವ ಮಾತು ಇಲ್ಲಿ ನಡೆಯುವ ಹಾಗೇ ಇರಲಿಲ್ಲ.

ಜಿಮ್ಮಿ ಅಂಗಳಕ್ಕೆ ಇಳಿದು, ಬುಟ್ಟಿಗೆ ಡಿಕ್ಕಿ ಹೊಡೆದು, ತಿರುಗಿದರೆ ರಾಶಿಗೆ ಸಿಕ್ಕಿಕೊಂಡು, ನಡುವೆ ನಿಂತು ನಡುಗತೊಡಗಿತು. ಹಸಿ ಸಿಪ್ಪೆಯ ಮತ್ತು ಬೇಯುವ ಅಡಿಕೆಯ ವಾಸನೆಯಲ್ಲಿ ಅದರ ಮೂಗೂ ಕೆಲಸಕ್ಕೆ ಬರಲಿಲ್ಲ. ಅದೇ ವಾರ ಅಜ್ಜಿ ಜಗುಲಿಯಲ್ಲಿ ಯಾರೋ ಇಟ್ಟ ಮೂಟೆ ಎಡವಿ ಬಿದ್ದರು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಊದಿಕೊಂಡಿತು.

ಮಗ ಖಡಾಖಂಡಿತ ಹೇಳಿದರು. ಸಾಕು, ಅಮ್ಮ ಇನ್ನು ಒಳಗೇ ಇರಲಿ. ಅವರ ಭಯ ಸುಳ್ಳಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂದು ನನಗೂ ಗೊತ್ತು. ಆದರೆ ಒಳಗೇ ಕೂರಿಸಿದ್ದಾಗ ಏನಾಗಿತ್ತು ಅನ್ನುವುದನ್ನೂ ನೋಡಿದ್ದೆವು. ಕಾಲಿಗೆ ಶಕ್ತಿ ಇಲ್ಲದವರು ಬೀಳುವುದು ಇನ್ನೂ ಸುಲಭ, ಅಲ್ವಾ? ಸೊಸೆ ನಡುವಿನ ದಾರಿ ಹುಡುಕಿದರು. ಅಂಗಳ ಪೂರ್ತಿ ಹಾಗೇ ಇರಲು ಸಾಧ್ಯವಿಲ್ಲ, ಒಂದು ದಾರಿ ಇರಬಹುದಲ್ಲ?

ಜಗುಲಿಯಿಂದ ಮೆಟ್ಟಿಲು ಇಳಿದು, ಅಂಗಳದ ಬಲಗಡೆ ಹಾದು, ಬಚ್ಚಲುಮನೆವರೆಗೆ ಒಂದು ದಾರಿ ಗುರುತು ಮಾಡಿದರು. ಎರಡೂ ಪಕ್ಕ ಹಗ್ಗ. ಅದರ ಮೇಲೆ ಒಂದು ಬುಟ್ಟಿಯನ್ನೂ ಇಡಬಾರದು ಎಂದು ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಹೇಳಿದರು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಸೊಸೆ ಒಂದು ಕೈಯಲ್ಲಿ ಜಿಮ್ಮಿಯ ಬೆಲ್ಟ್ ಹಿಡಿದು, ಇನ್ನೊಂದು ಮೊಣಕೈ ಅಜ್ಜಿಗೆ ಕೊಟ್ಟು, ಅಂಗಳ ಒಂದು ಸುತ್ತು ಬರುತ್ತಿದ್ದರು. ಇವತ್ತು ರಾಶಿ ಎಲ್ಲಿದೆ, ಹಂಡೆ ಎಲ್ಲಿದೆ ಎಂದು ಇಬ್ಬರಿಗೂ ತೋರಿಸಿದ ಹಾಗಾಯಿತು. ಹಂಡೆಯ ಸುತ್ತ ಮಾತ್ರ ಅಡ್ಡ ಕಟ್ಟಿದರು. ಬೆಂಕಿಯ ವಿಷಯದಲ್ಲಿ ಯಾರೂ ವಾದ ಮಾಡಲಿಲ್ಲ.

ಆ ಕೊಯ್ಲು ಮುಗಿಯುವ ಮೊದಲೇ ಅಜ್ಜಿ ಮೆಟ್ಟುಗತ್ತಿ ಕೇಳಿದರು. ಮಗ ಬೇಡ ಎಂದರು. ನಾನೂ ತಕ್ಷಣ ಹೂಂ ಅನ್ನಲಿಲ್ಲ. ಮೊದಲು ಕತ್ತಿ ಇಲ್ಲದೆ ಕಾಯಿ ಹಿಡಿಯುವುದನ್ನು ನೋಡಿದೆ. ಅವರ ನೋಟ ಎದುರಿನ ಗೋಡೆ ಕಡೆಗಿತ್ತು, ಬೆರಳು ಕಾಯಿಯ ತೊಟ್ಟು ಹುಡುಕಿ ತಾನಾಗಿ ತಿರುಗಿಸುತ್ತಿತ್ತು. ಕಣ್ಣು ಚೆನ್ನಾಗಿದ್ದಾಗಲೂ ಅವರು ಅಡಿಕೆ ಸುಲಿದದ್ದು ಕಣ್ಣಿನಿಂದಲ್ಲ ಎಂದು ಆಗ ತಿಳಿಯಿತು. ಸಾಲಿನ ತುದಿಯಲ್ಲಿ, ಯಾರೂ ಹಾಯದ ಜಾಗದಲ್ಲಿ ಕೂರಿಸಿದರು. ಮೊದಲಿನ ವೇಗ ಇಲ್ಲ. ಆದರೆ ಸಾಲಿನ ಮಾತುಕತೆಯಲ್ಲಿ ಅವರ ದನಿ ಮತ್ತೆ ಕೇಳಿತು.

ಆಮೇಲೆ ಏನಾಯಿತು

ಅಜ್ಜಿಯ ಕಾಲು ಗಟ್ಟಿಯಾಗಿದೆ. ಕಂಬ ಹಿಡಿಯದೆ ಏಳುತ್ತಾರೆ. ತರಕಾರಿ ಹೆಚ್ಚುತ್ತಾರೆ, ಮಜ್ಜಿಗೆ ಕಡೆಯುತ್ತಾರೆ. ಎಣ್ಣೆ ಕಾಯಿಸುವುದು ಇಲ್ಲ, ಅದು ಅವರೇ ಒಪ್ಪಿದ ಗೆರೆ. ಬಿಳಿ ಕೋಲನ್ನು ಊರಿನಲ್ಲಿ ಹಿಡಿಯುವುದಿಲ್ಲ. ಪರಊರಿನ ಮದುವೆಗೆ ಹೋದಾಗ ಮಾತ್ರ ಚೀಲದಿಂದ ತೆಗೆಯುತ್ತಾರೆ. ಒತ್ತಾಯ ಮಾಡುವುದನ್ನು ನಾನು ಬಿಟ್ಟೆ. ಮಗ ಇವತ್ತಿಗೂ ಮರೆತು ರಟ್ಟೆ ಹಿಡಿಯುತ್ತಾರೆ.

ಅಕ್ಷರ ಓದುವವರಿಗೆ ಅಂಗವಿಕಲರ ಕಾರ್ಡ್ ಸಿಗಲ್ಲ ಎಂದು ಮನೆಯವರು ಸುಮ್ಮನಿದ್ದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ದೃಷ್ಟಿಯ ಹರವನ್ನೂ, ಅಂದರೆ ನೇರ ನೋಡುವಾಗ ಸುತ್ತ ಎಷ್ಟು ಅಗಲ ಕಾಣುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ. ಅಜ್ಜಿಗೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬಂತು.

ಪಶುವೈದ್ಯರ ಮಾತು ಸೊಸೆಯ ತಲೆಯಲ್ಲಿ ಉಳಿದಿತ್ತು ಎಂದೆನಲ್ಲ, ಅದನ್ನು ಅವರು ಅಜ್ಜಿಯ ಕಣ್ಣಿನ ವೈದ್ಯರಿಗೂ ಕೇಳಿದರು. ಇದೂ ವಂಶದಲ್ಲಿ ಬರುತ್ತಾ ಎಂದು. ಗ್ಲಾಕೋಮಾ ಇರುವವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅಪಾಯ ಜಾಸ್ತಿ, ತಪ್ಪದೆ ಪರೀಕ್ಷೆ ಮಾಡಿಸಿ ಎಂದರು. ಮಗನನ್ನು ಪರೀಕ್ಷಿಸಿದಾಗ ಕಣ್ಣಿನ ಒತ್ತಡ ಹೆಚ್ಚಿತ್ತು, ನರದಲ್ಲಿ ಹಾನಿ ಆಗಷ್ಟೇ ಶುರುವಾಗಿತ್ತು. ಅವರಿಗೆ ಯಾವ ತೊಂದರೆಯೂ ಗೊತ್ತಾಗಿರಲಿಲ್ಲ. ಈಗ ಡ್ರಾಪ್ಸ್ ಹಾಕುತ್ತಿದ್ದಾರೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಇದನ್ನು ಓದುತ್ತಿರುವ ನೀವೂ ಈ ತಿಂಗಳೇ ಕಣ್ಣು ತೋರಿಸಿಕೊಳ್ಳಿ.

ಇದರಿಂದ ತಿಳಿದದ್ದು

ಈ ಮನೆಯಲ್ಲಿ ನಾಯಿ ಯಾಕೆ ಬೇಗ ಕಲಿಯಿತು ಅನ್ನುವುದನ್ನು ನಾನು ಬಹಳ ಯೋಚಿಸಿದ್ದೇನೆ. ಮೂಗು, ಕಿವಿ ನಮಗಿಂತ ಚುರುಕು, ಅದು ನಿಜ. ಇನ್ನೊಂದು ಕಾರಣ ಇದೆ. ಜಿಮ್ಮಿ ಡಿಕ್ಕಿ ಹೊಡೆದಾಗ ಕೆಲವು ದಿನದ ಮೇಲೆ ಯಾರೂ "ಅಯ್ಯೋ" ಅನ್ನುತ್ತಿರಲಿಲ್ಲ. ಅದಕ್ಕೆ ಡಿಕ್ಕಿ ಬರೀ ಒಂದು ಮಾಹಿತಿ, ಇಲ್ಲಿ ಏನೋ ಇದೆ ಅಂತ, ಅಷ್ಟೇ. ಅಜ್ಜಿಗೆ ಪ್ರತಿ ಎಡವಟ್ಟೂ ಮೂರು ಜನರ ಮುಂದೆ ಆಗುವ ಅವಮಾನ. ನಾಯಿಗೆ ನಾಚಿಕೆ ಇಲ್ಲ, ಮನುಷ್ಯರಿಗೆ ಇದೆ. ಹಾಗಾಗಿ ನಾಯಿಯ ಹಾಗೆ ಸುಮ್ನೆ ಕಲಿತುಬಿಡಿ ಎಂದು ವಯಸ್ಸಾದವರಿಗೆ ಹೇಳಿ ಪ್ರಯೋಜನವಿಲ್ಲ. ನಾಯಿಯ ಸುತ್ತ ನಾವು ಇದ್ದ ಹಾಗೆ ಅವರ ಸುತ್ತಲೂ ಇರಬಹುದು, ಅದು ನಮ್ಮ ಕೈಯಲ್ಲಿದೆ. ಬೀಳದ ಹಾಗೆ ದಾರಿ ಬಿಡಿಸಿ, ಆಮೇಲೆ ಸಣ್ಣಪುಟ್ಟದ್ದಕ್ಕೆ ಬಾಯಿ ಬಿಡದೆ ಇರುವುದು ಮನೆಯವರಿಗೆ ಅತಿ ಕಷ್ಟದ ಅಭ್ಯಾಸ. ಅಜ್ಜಿಗೆ ಗೋಡೆ ಹಿಡಿಯುವುದು ಕಲಿಸಲು ಹಿಡಿದದ್ದಕ್ಕಿಂತ ಮಗನಿಗೆ ಸುಮ್ಮನಿರುವುದು ಕಲಿಸಲು ಹೆಚ್ಚು ದಿನ ಹಿಡಿಯಿತು.

ಇನ್ನೊಂದು ವಿಷಯ. ನಾಯಿಯ ವಿಷಯದಲ್ಲಿ ಮನೆಯವರು ವೈದ್ಯರ ಮಾತನ್ನು ಹಾಗೇ ನಂಬಿದರು, ಮಾಡಿ ನೋಡಿದರು. ಅಮ್ಮನ ವಿಷಯಕ್ಕೆ ಬಂದಾಗ ಬಿದ್ದರೆ ಏನು ಗತಿ, ಊರವರು ಏನಂದಾರು, ನಾವಿದ್ದೂ ಅವರಿಗೆ ಕೆಲಸ ಮಾಡಿಸಬೇಕಾ ಅನ್ನುವ ಯೋಚನೆಗಳು ಅಡ್ಡ ಬಂದವು. ಅಡಿಕೆ ಸುಲಿಯಲು ಕೂರಿಸಿದ ವರ್ಷ ನೆಂಟರೊಬ್ಬರು, ಕುರುಡಿ ಮುದುಕಿ ಕೈಲಿ ದುಡಿಸ್ತಾರೆ ಎಂದು ಆಡಿಕೊಂಡರು. ಆ ಮಾತು ಸೊಸೆಗೆ ಈಗಲೂ ಚುಚ್ಚುತ್ತದೆ. ಆದರೂ ಮುಂದಿನ ಕೊಯ್ಲಿಗೆ ಮೆಟ್ಟುಗತ್ತಿ ಮತ್ತೆ ಅದೇ ಜಾಗದಲ್ಲಿ ಇಟ್ಟರು.

ಜಿಮ್ಮಿಗೆ ಈಗ ಕಣ್ಣಿನಲ್ಲಿ ಪೊರೆಯೂ ಬಂದಿದೆ, ಈ ಕಾಯಿಲೆಯಲ್ಲಿ ಅದು ಸಾಮಾನ್ಯ. ಮೈ ಸ್ವಲ್ಪ ಜಾಸ್ತಿಯಾಗಿದೆ, ಊಟ ಕಡಿಮೆ ಮಾಡಲು ಹೇಳಿದ್ದಾರೆ. ಹೋದ ಸಲ ನಾನು ಹೋದಾಗ ಮನೆಗೆ ಟೈಲ್ಸ್ ಹಾಕಿಸುವ ಮಾತು ನಡೆಯುತ್ತಿತ್ತು. ಟೈಲ್ಸ್ ಜಾರುತ್ತದೆ, ಹೆಜ್ಜೆಯ ಸದ್ದೂ ಬದಲಾಗುತ್ತದೆ. ಗೋಡೆ ಬದಿಗೆ ಒಂದು ಪಟ್ಟಿ ಹಳೇ ಗಾರೆಯನ್ನೇ ಬಿಡಿ ಎಂದು ಅಜ್ಜಿ ಕೇಳುತ್ತಿದ್ದಾರೆ. ಮೇಸ್ತ್ರಿ ಚೆನ್ನಾಗಿ ಕಾಣಲ್ಲ ಎಂದಿದ್ದಾರಂತೆ. ಮಗ ಇನ್ನೂ ಏನೂ ಹೇಳಿಲ್ಲ. ಸೊಸೆ ಮಾತ್ರ ಪಟ್ಟಿಯ ಅಗಲ ಎಷ್ಟಿರಬೇಕು ಎಂದು ನನ್ನನ್ನು ಕೇಳಿ ಬರೆದಿಟ್ಟುಕೊಂಡರು.